ಮನೆಯಂಗಳದಲ್ಲಿ ಓಕ್ ಮರ: ಪದೇ ಪದೇ ಕೇಳುವ ಪ್ರಶ್ನೆಗಳು

ಓಕ್ ಬಗ್ಗೆ ಕೇಳುವವರಲ್ಲಿ ಎರಡು ಬಗೆ. ಅಂಗಳದಲ್ಲಿ ಆಗಲೇ ದೊಡ್ಡ ಮರವೊಂದು ಇದ್ದು, ಇದು ಯಾವ ಜಾತಿ, ಇದಕ್ಕೇನಾಗಿದೆ ಎಂದು ಕೇಳುವವರು ಒಂದು ಬಗೆ. ಬೊಗಸೆಯಲ್ಲಿ ನಾಲ್ಕು ಕಾಯಿ ಹಿಡಿದುಕೊಂಡು ಎಲ್ಲಿ ನೆಡಲಿ ಎನ್ನುವವರು ಇನ್ನೊಂದು ಬಗೆ. ಇಬ್ಬರಿಗೂ ನಾನು ಮೊದಲು ಹೇಳುವುದು ಒಂದೇ ಮಾತು: ಓಕ್ ಮರದ ಬಹುಪಾಲು ತೊಂದರೆಗಳು ನೆಲದ ಕೆಳಗೆ ಹುಟ್ಟುತ್ತವೆ, ಎಷ್ಟೋ ವರ್ಷ ಕಳೆದ ಮೇಲೆ ಎಲೆಯಲ್ಲಿ ಕಾಣುತ್ತವೆ. ಕೆಳಗಿನ ಉತ್ತರಗಳಲ್ಲಿ ಬೇರಿನ ಮಾತು ಮತ್ತೆ ಮತ್ತೆ ಬರುವುದು ಅದಕ್ಕೇ.

ಓಕ್ ಅಂದರೆ ಒಂದೇ ಮರವೇ?

ಅಲ್ಲ, ಅದೊಂದು ದೊಡ್ಡ ಕುಲ. ಕ್ವೆರ್ಕಸ್ ಎನ್ನುವ ಈ ಕುಲದಲ್ಲಿ ಸುಮಾರು 450 ಜಾತಿಗಳಿವೆ. ಬೀಚ್ ಮತ್ತು ಚೆಸ್ಟ್‌ನಟ್ ಮರಗಳು ಇದರ ದಾಯಾದಿಗಳು. ಭೂಮಿಯ ಉತ್ತರಾರ್ಧದಲ್ಲೇ ಇವು ಜಾಸ್ತಿ. ಮೆಕ್ಸಿಕೋ ಒಂದರಲ್ಲೇ ಸುಮಾರು 160 ಜಾತಿಗಳಿವೆ. ಹಿಮಾಲಯದ ಇಳಿಜಾರುಗಳಲ್ಲಿ ಬಾಂಜ್, ಖರ್ಸು ಎಂದು ಕರೆಯುವ ಮರಗಳೂ ಓಕ್‌ಗಳೇ. ಎಲೆ ಉದುರಿಸುವ ಓಕ್ ಇದೆ, ವರ್ಷವಿಡೀ ಹಸಿರಾಗಿರುವ ಓಕ್ ಇದೆ, ಮೊಣಕಾಲೆತ್ತರದ ಪೊದೆಯಾಗಿ ನಿಲ್ಲುವ ಓಕ್ ಕೂಡ ಇದೆ.

ಸಿಲ್ವರ್ ಓಕ್ ಕೂಡ ಇದೇ ಜಾತಿಯದ್ದಾ?

ಹೆಸರು ಮಾತ್ರ. ಸಿಲ್ವರ್ ಓಕ್ ಆಸ್ಟ್ರೇಲಿಯಾ ಮೂಲದ ಗ್ರೆವಿಲಿಯಾ ಮರ. ಅದರ ಎಲೆ ಜರಿಗಿಡದ ಎಲೆಯ ಹಾಗೆ ಸೀಳುಸೀಳಾಗಿರುತ್ತದೆ, ಕಿತ್ತಳೆ ಬಣ್ಣದ ಹೂ ಬಿಡುತ್ತದೆ. ಪಾಯ್ಸನ್ ಓಕ್ ಕೂಡ ಓಕ್ ಅಲ್ಲ, ಮುಟ್ಟಿದರೆ ಮೈ ತುರಿಸುವ ಬೇರೆಯೇ ಗಿಡ. ಅನುಮಾನ ಬಂದರೆ ಕಾಯಿ ಹುಡುಕಿ. ಬುಡಕ್ಕೆ ಬಟ್ಟಲು ಕಚ್ಚಿಕೊಂಡ, ನುಣುಪಾದ, ಒಂದೇ ಬೀಜದ ಏಕಾರ್ನ್ ಕಾಯಿ ಸಿಕ್ಕಿದರೆ ಅದು ಬಹುಮಟ್ಟಿಗೆ ಓಕ್.

ಎಲೆಯೂ ಇಲ್ಲ, ಕಾಯಿಯೂ ಇಲ್ಲ. ಚಳಿಗಾಲದಲ್ಲಿ ಗುರುತು ಹಿಡಿಯುವುದು ಹೇಗೆ?

ಪೆನ್ಸಿಲ್ ದಪ್ಪದ ಒಂದು ರೆಂಬೆ ಸಾಕು. ಮೊದಲು ತುದಿ ನೋಡಿ. ಓಕ್ ರೆಂಬೆಯ ತುದಿಯಲ್ಲಿ ಒಂದೇ ಮೊಗ್ಗು ಇರುವುದಿಲ್ಲ, ಮೂರು ನಾಲ್ಕು ಮೊಗ್ಗುಗಳು ಒತ್ತಿಕೊಂಡು ಗುಂಪಾಗಿ ಕೂತಿರುತ್ತವೆ. ಆಮೇಲೆ ಹರಿತವಾದ ಚಾಕುವಿನಿಂದ ರೆಂಬೆಯನ್ನು ಅಡ್ಡಕ್ಕೆ ಕತ್ತರಿಸಿ, ಬೆಳಕಿಗೆ ಹಿಡಿಯಿರಿ. ನಡುವಿನ ತಿರುಳು ದುಂಡಗಿರುವುದಿಲ್ಲ, ಐದು ಮೂಲೆಯ ಪುಟ್ಟ ನಕ್ಷತ್ರದಂತೆ ಕಾಣುತ್ತದೆ. ಮೊದಲ ಸಲ ನೋಡಿದಾಗ ನಾನು ಅದೇ ಕೊಂಬೆಯಿಂದ ಇನ್ನೂ ಮೂರು ತುಂಡು ಕತ್ತರಿಸಿ ನೋಡಿದ್ದೆ. ಮೂರರಲ್ಲೂ ಅದೇ ನಕ್ಷತ್ರ.

ಇನ್ನೊಂದು ಸುಳಿವು ಉದುರದ ಒಣ ಎಲೆ. ಹಲವು ಓಕ್‌ಗಳು, ಅದರಲ್ಲೂ ಎಳೆಯ ಮರಗಳು, ಕಂದು ಎಲೆಗಳನ್ನು ಚಳಿಗಾಲ ಮುಗಿಯುವ ತನಕ ಹಿಡಿದುಕೊಂಡಿರುತ್ತವೆ. ಮರ ಸತ್ತಿದೆ ಎಂದುಕೊಂಡು ಕಡಿಯಲು ಹೊರಡಬೇಡಿ. ಹೊಸ ಮೊಗ್ಗು ಉಬ್ಬಿದಾಗ ಹಳೆಯ ಎಲೆ ತಾನಾಗಿ ಬೀಳುತ್ತದೆ.

ಬಿಳಿ ಓಕ್, ಕೆಂಪು ಓಕ್ ಎನ್ನುತ್ತಾರಲ್ಲ, ವ್ಯತ್ಯಾಸ ಏನು?

ಇವು ಎರಡು ಜಾತಿಗಳ ಹೆಸರಷ್ಟೇ ಅಲ್ಲ, ಎರಡು ದೊಡ್ಡ ಗುಂಪುಗಳ ಹೆಸರೂ ಹೌದು. ಓಕ್ ಬೆಳೆಸುವವರು ಬೇರೇನು ಕಲಿಯದಿದ್ದರೂ ಇದನ್ನು ಕಲಿಯಬೇಕು. ಬಿತ್ತುವ ಕಾಲ, ರೋಗ, ಕಾಯಿಯ ರುಚಿ ಎಲ್ಲವೂ ಇದರ ಮೇಲೆ ನಿಂತಿವೆ.

ಎಲೆಯ ಅಂಚಿನಲ್ಲಿ ಹೊರಕ್ಕೆ ಚಾಚಿದ ಭಾಗಗಳಿರುತ್ತವಲ್ಲ, ಅವು ಕಿವಿಯ ಹಾಲೆಯಂತೆ ದುಂಡಗಿದ್ದರೆ ಬಿಳಿ ಗುಂಪು. ಅವು ಚೂಪಾಗಿದ್ದು, ಪ್ರತಿ ತುದಿಯಲ್ಲೂ ಕೂದಲೆಳೆಯಂಥ ಸಣ್ಣ ಮುಳ್ಳು ಇದ್ದರೆ ಕೆಂಪು ಗುಂಪು. ಬೆರಳಿನಿಂದ ತುದಿಯನ್ನು ಮೆಲ್ಲಗೆ ಒತ್ತಿದರೆ ಆ ಎಳೆ ತಾಗುತ್ತದೆ. ಬಿಳಿ ಗುಂಪಿನ ಕಾಯಿ ಒಂದೇ ಋತುವಿನಲ್ಲಿ ಬಲಿಯುತ್ತದೆ. ಕೆಂಪು ಗುಂಪಿನದು ಸಾಮಾನ್ಯವಾಗಿ ಎರಡನೇ ವರ್ಷಕ್ಕೆ ಬಲಿಯುತ್ತದೆ. ಹಾಗಾಗಿ ಕೆಂಪು ಓಕ್ ಕೊಂಬೆಯಲ್ಲಿ ಮೆಣಸಿನ ಕಾಳಿನಷ್ಟು ಸಣ್ಣ ಕಾಯಿಯೂ ಬಲಿತ ಕಾಯಿಯೂ ಒಟ್ಟಿಗೆ ಕಾಣಬಹುದು. ಕಾಯಿಯ ಸಿಪ್ಪೆ ಒಡೆದು ಒಳಗೆ ನೋಡಿ: ಕೆಂಪು ಗುಂಪಿನಲ್ಲಿ ಒಳಮೈ ಮಖಮಲ್ಲಿನಂತೆ ರೋಮವಿರುತ್ತದೆ, ಬಿಳಿ ಗುಂಪಿನಲ್ಲಿ ನುಣುಪು.

ಮರದ ಒಳಗೂ ವ್ಯತ್ಯಾಸ ಇದೆ. ಬಿಳಿ ಓಕ್‌ನ ನೀರ್ಕೊಳವೆಗಳು ವಯಸ್ಸಾದಂತೆ ಒಳಗಿಂದಲೇ ಮುಚ್ಚಿಕೊಳ್ಳುತ್ತವೆ. ಪೀಪಾಯಿ ಮಾಡಲು ಅದನ್ನೇ ಆರಿಸುವುದು ಇದಕ್ಕೆ, ದ್ರವ ಸೋರುವುದಿಲ್ಲ. ಕೆಂಪು ಓಕ್‌ನ ಕೊಳವೆ ತೆರೆದೇ ಇರುತ್ತದೆ.

ಎಲ್ಲ ಓಕ್ ಎಲೆಗೂ ಆ ಹಾಲೆಗಳು ಇರುತ್ತವಾ?

ಇಲ್ಲ. ವಿಲ್ಲೋ ಓಕ್‌ನ ಎಲೆ ಕಿರಿದಾಗಿ ಉದ್ದವಾಗಿರುತ್ತದೆ, ತುದಿಯಲ್ಲಿ ಒಂದೇ ಒಂದು ಎಳೆ ಇರುತ್ತದೆ. ಅಮೆರಿಕದ ಲೈವ್ ಓಕ್, ಮೆಡಿಟರೇನಿಯನ್ ಕಡೆಯ ಹೋಮ್ ಓಕ್ ಇವುಗಳ ಎಲೆ ದಪ್ಪ, ವರ್ಷವಿಡೀ ಹಸಿರು. ಹೋಮ್ ಓಕ್‌ನ ಎಳೆ ಗಿಡದಲ್ಲಿ ಎಲೆಯಂಚು ಮುಳ್ಳುಮುಳ್ಳಾಗಿರುವುದೂ ಉಂಟು.

ಒಂದೇ ಮರದಲ್ಲೂ ಎಲ್ಲ ಎಲೆ ಒಂದೇ ತರ ಇರುವುದಿಲ್ಲ. ನೆತ್ತಿಯ ಬಿಸಿಲಿನ ಎಲೆ ಚಿಕ್ಕದು, ಆಳವಾಗಿ ಕತ್ತರಿಸಿದಂತೆ ಇರುತ್ತದೆ. ಕೆಳಗಿನ ನೆರಳಿನ ಎಲೆ ಅಗಲ, ಕತ್ತರಿ ಕಡಿಮೆ. ಅದಕ್ಕೇ ಒಂದು ಎಲೆ ತೋರಿಸಿ ಹೆಸರು ಕೇಳಿದರೆ ನಾನು ಹೇಳುವುದಿಲ್ಲ. ಎಲೆ, ಕಾಯಿ, ಬಟ್ಟಲು, ತೊಗಟೆ, ಇಡೀ ಮರದ ಆಕಾರ ಇಷ್ಟನ್ನೂ ನೋಡಿ. ಪಕ್ಕಪಕ್ಕದ ಓಕ್‌ಗಳು ಗಾಳಿಯಲ್ಲಿ ಪರಾಗ ಬೆರೆಸಿಕೊಂಡು ಮಿಶ್ರತಳಿ ಆಗುವುದೂ ಸಾಮಾನ್ಯ. ಕೆಲವು ಮರಗಳಿಗೆ ಒಂದೇ ಹೆಸರು ಕೊಡಲು ಆಗುವುದೇ ಇಲ್ಲ.

ಬಟ್ಟಲು ನೋಡಿ ಏನು ಹೇಳಬಹುದು?

ತುಂಬಾ ಹೇಳಬಹುದು. ಬರ್ ಓಕ್‌ನ ಬಟ್ಟಲಿನ ಅಂಚಿಗೆ ಕುಚ್ಚು ಕಟ್ಟಿದಂತೆ ಎಳೆಗಳಿರುತ್ತವೆ, ಕಾಯಿಯೂ ದಪ್ಪ. ಪಿನ್ ಓಕ್‌ನ ಕಾಯಿ ಗೋಲಿಗಿಂತ ದೊಡ್ಡದಿಲ್ಲ, ಬಟ್ಟಲು ತಟ್ಟೆಯಂತೆ ತೆಳು. ಯುರೋಪಿನ ಎರಡು ಮುಖ್ಯ ಓಕ್‌ಗಳನ್ನು ತೊಟ್ಟಿನಿಂದಲೇ ಬೇರೆ ಮಾಡಬಹುದು. ಇಂಗ್ಲಿಷ್ ಓಕ್‌ನ ಕಾಯಿಗೆ ಉದ್ದ ತೊಟ್ಟು, ಎಲೆಗೆ ತೊಟ್ಟು ಇಲ್ಲವೇ ಇಲ್ಲ ಎನ್ನುವಷ್ಟು ಗಿಡ್ಡ. ಸೆಸೈಲ್ ಓಕ್‌ನಲ್ಲಿ ಪೂರ್ತಿ ತಿರುಗುಮುರುಗು: ಎಲೆಗೆ ತೊಟ್ಟು ಇದೆ, ಕಾಯಿ ರೆಂಬೆಗೇ ಅಂಟಿ ಕೂತಿರುತ್ತದೆ.

ನನ್ನ ಅಂಗಳಕ್ಕೆ ಯಾವುದು ಸರಿ?

ಮೊದಲು ಮಣ್ಣು ಪರೀಕ್ಷೆ ಮಾಡಿಸಿ, ಆಮೇಲೆ ಮರ ಆರಿಸಿ. ಪಿನ್ ಓಕ್ ಬೇಗ ಬೆಳೆಯುತ್ತದೆ, ನೋಡಲು ಅಚ್ಚುಕಟ್ಟು. ಕೆಳಗಿನ ಕೊಂಬೆ ಬಾಗಿ, ನಡುವಿನವು ಅಡ್ಡಕ್ಕೆ, ಮೇಲಿನವು ಎದ್ದು ನಿಲ್ಲುತ್ತವೆ. ಆದರೆ ಸುಣ್ಣದ ಅಂಶ ಜಾಸ್ತಿ ಇರುವ, ಪಿಎಚ್ 7 ದಾಟಿದ ಮಣ್ಣಿನಲ್ಲಿ ಅದನ್ನು ನೆಟ್ಟರೆ ವರ್ಷ ವರ್ಷವೂ ಹಳದಿ ಎಲೆ ನೋಡುತ್ತಾ ಕೊರಗಬೇಕಾಗುತ್ತದೆ. ಅಂಥ ಮಣ್ಣಿಗೆ ಬರ್ ಓಕ್ ಅಥವಾ ಚಿಂಕಪಿನ್ ಓಕ್ ಒಳ್ಳೆಯದು. ನೀರು ನಿಲ್ಲುವ ಜಾಗಕ್ಕೆ ಸ್ವಾಂಪ್ ವೈಟ್ ಓಕ್ ಹೊಂದುತ್ತದೆ. ಅದರ ಎಲೆಯ ಅಡಿ ಬೆಳ್ಳಗಿರುತ್ತದೆ, ಗಾಳಿಗೆ ತಿರುಗಿದಾಗ ಚೆಂದ. ಜಾಗ ಕಿರಿದಾಗಿದ್ದರೆ ಇಂಗ್ಲಿಷ್ ಓಕ್‌ನಲ್ಲಿ ಕಂಬದಂತೆ ನೆಟ್ಟಗೆ ಬೆಳೆಯುವ ತಳಿಗಳಿವೆ.

ನಿಮ್ಮ ಪ್ರದೇಶದಲ್ಲಿ ತಾನಾಗಿ ಬೆಳೆಯುವ ಓಕ್ ಇದ್ದರೆ ಬೇರೆ ಯಾವುದನ್ನೂ ಯೋಚಿಸಬೇಡಿ, ಅದನ್ನೇ ನೆಡಿ. ಅಲ್ಲಿನ ಹುಳು, ಹಕ್ಕಿ, ಅಣಬೆ ಎಲ್ಲಕ್ಕೂ ಅದರ ಪರಿಚಯ ಇರುತ್ತದೆ. ಬ್ರಿಟನ್ನಿನಲ್ಲಿ ಓಕ್ ಜೊತೆ ನಂಟಿರುವ ಜೀವಿಗಳ ಲೆಕ್ಕ 2,300 ಜಾತಿ ದಾಟುತ್ತದೆ.

ಚಳಿಯೇ ಇಲ್ಲದ ಕಡೆ ಬೆಳೆಯುತ್ತದೆಯೇ?

ಎಲೆ ಉದುರಿಸುವ ಹೆಚ್ಚಿನ ಓಕ್‌ಗಳಿಗೆ ಚಳಿಗಾಲದ ನಿದ್ದೆ ಬೇಕು. ಅದು ಸಿಗದಿದ್ದರೆ ಚಿಗುರು ಹೊತ್ತುಗೊತ್ತಿಲ್ಲದೆ ಬಂದು ಮರ ಸೊರಗುತ್ತದೆ. ಬೆಚ್ಚಗಿನ ಕಡೆಗೆ ಲೈವ್ ಓಕ್, ಹೋಮ್ ಓಕ್, ಕಾರ್ಕ್ ಓಕ್‌ನಂಥ ಸದಾ ಹಸಿರು ಜಾತಿಗಳೇ ವಾಸಿ.

ಮನೆಯಿಂದ ಎಷ್ಟು ದೂರ ನೆಡಬೇಕು?

ದೊಡ್ಡದಾಗುವ ಜಾತಿಯಾದರೆ ಕನಿಷ್ಠ 8ರಿಂದ 10 ಮೀಟರ್. ಜಾಗ ಇದ್ದರೆ ಇನ್ನೂ ದೂರ. ಒಂಟಿಯಾಗಿ ನಿಂತ ಬಿಳಿ ಓಕ್‌ನ ಕೊಂಬೆಗಳು 20 ಮೀಟರ್ ಅಗಲಕ್ಕೆ ಹರಡಬಲ್ಲವು. ಒಣಗಿದಾಗ ಬಿರುಕು ಬಿಡುವ ಜೇಡಿಮಣ್ಣಿನಲ್ಲಿ ಇನ್ನಷ್ಟು ಎಚ್ಚರ ಬೇಕು. ಅಲ್ಲಿ ಬೇರು ನೀರು ಹೀರಿದಂತೆ ಮಣ್ಣು ಕುಗ್ಗಿ, ಅಡಿಪಾಯ ಇಳಿಯುವ ಸಾಧ್ಯತೆ ಇದೆ.

ವಿದ್ಯುತ್ ತಂತಿಯ ಕೆಳಗೆ ಬೇಡವೇ ಬೇಡ. ಸಸಿ ನೆಡುವ ಮುಂಚೆ ಆ ಜಾಗದಲ್ಲಿ ಒಂದು ಗೂಟ ಹೊಡೆದು, 10 ಮೀಟರ್ ಹಗ್ಗ ಕಟ್ಟಿ ಸುತ್ತ ನಡೆದು ನೋಡಿ. ಹಗ್ಗ ಗೋಡೆಗೆ ತಾಗಿದರೆ ಗೂಟ ಕೀಳಿ. ಗೂಟ ಕೀಳುವುದಕ್ಕೆ ಒಂದು ನಿಮಿಷ ಸಾಕು, 30 ವರ್ಷದ ಮರ ಕೀಳುವ ನೋವು ಬೇರೆ.

ಕಾಯಿಯಿಂದ ಬೆಳೆಸಲೋ, ಸಸಿ ತರಲೋ?

ನನ್ನ ಮನಸ್ಸು ಕಾಯಿಯ ಕಡೆಗೇ. ಒಂದು ಸಲ ಗಾಜಿನ ಜಾಡಿಯಲ್ಲಿ ಒದ್ದೆ ಮರಳು ತುಂಬಿ, ಬಿಳಿ ಓಕ್‌ನ ಕಾಯಿಯನ್ನು ಗಾಜಿಗೆ ಒತ್ತಿ ಇಟ್ಟಿದ್ದೆ. ಕೆಲವು ದಿನಕ್ಕೆ ಸಿಪ್ಪೆ ಸೀಳಿ, ಬೆಳ್ಳಗಿನ ಮೊಂಡು ಬೇರು ಹೊರಬಂತು. ಬಂದದ್ದೇ ಕೆಳಕ್ಕೆ ಬಾಗಿತು. ವಾರಗಟ್ಟಲೆ ಅದು ಕೆಳಗೇ ಇಳಿಯಿತು. ಜಾಡಿಯ ತಳ ಮುಟ್ಟಿದರೂ ಮೇಲೆ ಒಂದು ಚಿಗುರಿಲ್ಲ. ಎಲೆ ಬಂದದ್ದು ಚಳಿ ಮುಗಿದ ಮೇಲೆ. ಓಕ್ ಯಾವಾಗಲೂ ಹೀಗೇ, ಮೊದಲು ಕೆಳಗೆ, ಆಮೇಲೆ ಮೇಲೆ. ಇಂಥ ತಾಯಿ ಬೇರನ್ನು ಗಿಡ್ಡ ಕುಂಡದಲ್ಲಿ ಕೂರಿಸಿದರೆ ಅದು ತಳದಲ್ಲಿ ಸುರುಳಿ ಸುತ್ತದೆ ಇನ್ನೇನು ಮಾಡೀತು?

ಒಂದು ನರ್ಸರಿಯಿಂದ ತಂದ ಸಸಿಯಲ್ಲಿ ನನಗೆ ಇದೇ ಆಯಿತು. ಆಳೆತ್ತರದ ಗಿಡ, ಎಲೆ ಎಲ್ಲ ಮಿರಿಮಿರಿ. ಬೇರು ಬಿಡಿಸದೆ ಹಾಗೇ ನೆಟ್ಟೆ. ಆರನೇ ವರ್ಷ ಜೋರು ಗಾಳಿಗೆ ವಾಲಿತು. ಅಗೆದು ನೋಡಿದರೆ ಬೇರುಗಳು ಕುಂಡದ ಆಕಾರದಲ್ಲೇ ಸುತ್ತಿಕೊಂಡು, ಬುಟ್ಟಿ ಹೆಣೆದಂತೆ ಗಟ್ಟಿಯಾಗಿದ್ದವು. ಒಂದು ಬೇರೂ ಹೊರಗಿನ ಮಣ್ಣಿಗೆ ಸರಿಯಾಗಿ ಹೋಗಿರಲಿಲ್ಲ. ಸಸಿ ಕೊಳ್ಳುವಾಗ ಕುಂಡದಿಂದ ಹೊರಗೆ ತೆಗೆದು ತೋರಿಸಿ ಎಂದು ಕೇಳಿ. ತೋರಿಸದಿದ್ದರೆ ತರಬೇಡಿ. ಎತ್ತರದ ಗಿಡಕ್ಕಿಂತ ಚಿಕ್ಕ ಸಸಿ ಬೇಗ ಬೇರೂರುತ್ತದೆ, ಕೆಲವೇ ವರ್ಷಗಳಲ್ಲಿ ದೊಡ್ಡದನ್ನು ಹಿಂದೆ ಹಾಕುವುದೂ ಉಂಟು.

ಒಳ್ಳೆಯ ಕಾಯಿ ಆರಿಸುವುದು ಹೇಗೆ?

ಮರದಿಂದ ಉದುರಿದ ಒಂದೆರಡು ದಿನದಲ್ಲೇ ಆರಿಸಿ. ಮೊದಲು ಬೀಳುವ ಕಾಯಿಗಳಲ್ಲಿ ಹುಳು ಬಿದ್ದವು ಜಾಸ್ತಿ, ಅವನ್ನು ಬಿಡಿ. ಬಟ್ಟಲು ಸುಲಭವಾಗಿ ಕಳಚಬೇಕು. ಸಿಪ್ಪೆಯ ಮೇಲೆ ಗುಂಡುಸೂಜಿಯಿಂದ ಚುಚ್ಚಿದಂಥ ತೂತು ಕಂಡರೆ ಅದು ಮೂತಿ ಹುಳದ ಮರಿ ತಿಂದು ಹೊರಬಂದ ದಾರಿ.

ಉಳಿದದ್ದನ್ನು ಬಕೆಟ್ ನೀರಿಗೆ ಹಾಕಿ. ಮುಳುಗಿದ್ದು ಒಳ್ಳೆಯದು, ತೇಲಿದ್ದರ ಒಳಗೆ ಟೊಳ್ಳು. ಆದರೆ ಸ್ವಲ್ಪ ಒಣಗಿದ ಒಳ್ಳೆಯ ಕಾಯಿಯೂ ತೇಲಬಹುದು, ಒಂದು ರಾತ್ರಿ ನೆನೆಯಲು ಬಿಟ್ಟು ಬೆಳಿಗ್ಗೆ ತೀರ್ಮಾನ ಮಾಡಿ.

ಒಣಗಿಸಿ ಡಬ್ಬಿಯಲ್ಲಿಟ್ಟು ಮುಂದಿನ ವರ್ಷ ಬಿತ್ತುತ್ತೇನೆ ಎಂದರೆ ಆಗದು. ಕಾಳು ಬೇಳೆಯ ಹಾಗಲ್ಲ ಇದು, ಒಣಗಿದರೆ ಸತ್ತಂತೆ.

ಬಿತ್ತುವುದು ಯಾವಾಗ, ಹೇಗೆ?

ಬಿಳಿ ಗುಂಪಿನ ಕಾಯಿಯನ್ನು ಆರಿಸಿದ ಕೂಡಲೇ ಬಿತ್ತಬೇಕು. ಅದು ಚಳಿಗೂ ಮುಂಚೆಯೇ ಬೇರು ಬಿಡುತ್ತದೆ. ಕೆಂಪು ಗುಂಪಿನದಕ್ಕೆ ತಂಪು ಬೇಕು. ಒದ್ದೆ ಮರಳು ಅಥವಾ ಮರದ ಪುಡಿಯ ಜೊತೆ ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ, ಫ್ರಿಜ್ಜಿನಲ್ಲಿ ಸುಮಾರು 4 ಡಿಗ್ರಿಯಲ್ಲಿ ಎರಡು ಮೂರು ತಿಂಗಳು ಇಡಿ. ಫ್ರೀಜರ್‌ನಲ್ಲಿ ಇಡಬೇಡಿ. ವಾರಕ್ಕೊಮ್ಮೆ ಬೂಷ್ಟು ಬಂದಿದೆಯಾ ನೋಡಿ. ಚಳಿಗಾಲ ನಿಜವಾಗಿ ತಣ್ಣಗಿರುವ ಕಡೆಯಾದರೆ ನೇರ ನೆಲದಲ್ಲೇ ಬಿತ್ತಿಬಿಡಿ.

ಕಾಯಿಯನ್ನು ನಿಲ್ಲಿಸದೆ ಅಡ್ಡ ಮಲಗಿಸಿ. ಮೇಲೆ ಎರಡು ಮೂರು ಸೆಂಟಿಮೀಟರ್ ಮಣ್ಣು ಸಾಕು. ಕುಂಡವಾದರೆ 30 ಸೆಂಟಿಮೀಟರಾದರೂ ಆಳ ಇರಲಿ, ತಳ ತೆರೆದಿದ್ದರೆ ಇನ್ನೂ ಒಳ್ಳೆಯದು. ತಳದಲ್ಲಿ ಗಾಳಿ ತಾಗಿದ ಬೇರಿನ ತುದಿ ಒಣಗಿ ನಿಲ್ಲುತ್ತದೆ, ಸುರುಳಿ ಸುತ್ತದೆ ಪಕ್ಕದ ಬೇರುಗಳನ್ನು ಬಿಡುತ್ತದೆ. ಇಲಿ, ಅಳಿಲಿಗೆ ಇದಕ್ಕಿಂತ ಪ್ರಿಯವಾದದ್ದು ಇನ್ನೊಂದಿಲ್ಲ. ಮೇಲೆ ಸಣ್ಣ ಕಣ್ಣಿನ ತಂತಿ ಬಲೆ ಹೊದಿಸಿ ಅಂಚನ್ನು ಮಣ್ಣಿಗೆ ಇಳಿಸಿ.

ಸಸಿ ನೆಡುವಾಗ ಗುಂಡಿಗೆ ಗೊಬ್ಬರ ತುಂಬಬೇಕಾ?

ಬೇಡ. ಗುಂಡಿಯೊಳಗೆ ಮಾತ್ರ ಮೆತ್ತಗಿನ ಫಲವತ್ತಾದ ಮಣ್ಣು ಇದ್ದರೆ ಬೇರು ಅಲ್ಲೇ ಸುತ್ತಾಡುತ್ತದೆ, ಹೊರಗೆ ಹೋಗುವುದಿಲ್ಲ. ತೆಗೆದ ಮಣ್ಣನ್ನೇ ವಾಪಸ್ ತುಂಬಿ. ಗುಂಡಿಯ ಅಗಲ ಬೇರಿನ ಮುದ್ದೆಯ ಎರಡು ಮೂರು ಪಟ್ಟು ಇರಲಿ, ಆಳ ಮಾತ್ರ ಮುದ್ದೆಯಷ್ಟೇ.

ಕಾಂಡ ಬೇರಾಗಿ ಅಗಲವಾಗುವ ಜಾಗ ಇದೆಯಲ್ಲ, ಅದು ನೆಲದ ಮೇಲೆ ಕಾಣಲೇಬೇಕು. ಆಳಕ್ಕೆ ಹೂತ ಓಕ್ ಕೂಡಲೇ ಸಾಯುವುದಿಲ್ಲ. ಹತ್ತು ವರ್ಷ ಸುಮ್ನೆ ನರಳುತ್ತದೆ. ಆಮೇಲೆ 5ರಿಂದ 10 ಸೆಂಟಿಮೀಟರ್ ದಪ್ಪ ಒಣ ಎಲೆ ಅಥವಾ ಮರದ ಚಕ್ಕೆ ಹೊದಿಸಿ, ಆದರೆ ಕಾಂಡಕ್ಕೆ ತಾಗಿಸಬೇಡಿ.

ನೀರು ಎಷ್ಟು?

ಮೊದಲ ಎರಡು ಮೂರು ವರ್ಷ, ಮಳೆ ಇಲ್ಲದಾಗ ವಾರಕ್ಕೊಮ್ಮೆ, ಆಳಕ್ಕೆ ಇಳಿಯುವ ಹಾಗೆ. ದಿನಾ ಒಂದು ಚೊಂಬು ಹಾಕುವುದು ತಪ್ಪು, ಬೇರು ಮೇಲೇ ಉಳಿಯುತ್ತದೆ. ಬೆರಳು ಮಣ್ಣಿಗೆ ಇಳಿಸಿ ನೋಡಿ, ತೇವ ಇದ್ದರೆ ಬಿಡಿ.

ದೊಡ್ಡ ಮರದ್ದು ಬೇರೆ ಲೆಕ್ಕ. ಕ್ಯಾಲಿಫೋರ್ನಿಯಾದ ಓಕ್‌ಗಳಂತೆ ಒಣ ಬೇಸಿಗೆಗೆ ಒಗ್ಗಿದ ಮರದ ಬುಡದಲ್ಲಿ ಹುಲ್ಲುಹಾಸು ಮಾಡಿ ಬೇಸಿಗೆಯಿಡೀ ನೀರು ಬಿಟ್ಟರೆ ಬೇರು ಕೊಳೆ ರೋಗ ಹಿಡಿಯುತ್ತದೆ. ಪ್ರೀತಿಯಿಂದ ನೀರು ಹಾಕಿಯೇ ಎಷ್ಟೋ ಮರಗಳನ್ನು ಕಳೆದುಕೊಂಡವರಿದ್ದಾರೆ.

ಎಲೆ ಹಳದಿ, ನರ ಮಾತ್ರ ಹಸಿರು. ಏನಿದು?

ಕಬ್ಬಿಣದ ಕೊರತೆ. ಮಣ್ಣಿನಲ್ಲಿ ಕಬ್ಬಿಣ ಇಲ್ಲ ಎಂದೇನಲ್ಲ, ಸುಣ್ಣದ ಮಣ್ಣಿನಲ್ಲಿ ಅದು ಬೇರಿಗೆ ಸಿಗುವುದಿಲ್ಲ. ಗಂಧಕ ಹಾಕಿ ಮಣ್ಣಿನ ಹುಳಿ ಹೆಚ್ಚಿಸಬಹುದು, ಬೇರಿಗೆ ಸುಲಭವಾಗಿ ಸಿಗುವಂತೆ ಮಾಡಿದ ಕೀಲೇಟ್ ರೂಪದ ಕಬ್ಬಿಣ ಕೊಡಬಹುದು. ಆದರೆ ಮಣ್ಣು ಮತ್ತೆ ಹಳೆಯ ದಾರಿಗೇ ಬರುತ್ತದೆ.

ಎಲೆ ಮೇಲೆ ಗೋಲಿಯಂಥ ಗಂಟು ಬಂದಿದೆ. ಔಷಧಿ ಹೊಡೆಯಲಾ?

ಬೇಡ. ಪುಟ್ಟ ಕಣಜವೊಂದು ಮೊಟ್ಟೆ ಇಟ್ಟ ಜಾಗದಲ್ಲಿ ಮರವೇ ಆ ಗಂಟು ಬೆಳೆಸಿದೆ. ಒಳಗೆ ಮರಿ ಇರುತ್ತದೆ. ಮರಕ್ಕೆ ಸಾಮಾನ್ಯವಾಗಿ ಏನೂ ಆಗುವುದಿಲ್ಲ. ನೂರಾರು ವರ್ಷ ಯುರೋಪಿನಲ್ಲಿ ಬರೆಯುವ ಶಾಯಿಯನ್ನು ಇಂಥ ಓಕ್ ಗಂಟು ಮತ್ತು ಕಬ್ಬಿಣದ ಲವಣ ಸೇರಿಸಿಯೇ ಮಾಡುತ್ತಿದ್ದರು. ಎಲೆಯ ಮೇಲಿನ ಬೂದಿ ರೋಗಕ್ಕೂ ದೊಡ್ಡ ಮರದಲ್ಲಿ ಚಿಂತೆ ಬೇಡ.

ಹಾಗಾದರೆ ಯಾವುದಕ್ಕೆ ಹೆದರಬೇಕು?

ಓಕ್ ವಿಲ್ಟ್ ಎಂಬ ಸೊರಗು ರೋಗಕ್ಕೆ. ಇದು ಅಮೆರಿಕದ ಹಲವು ರಾಜ್ಯಗಳಲ್ಲಿದೆ, 2023ರಲ್ಲಿ ಕೆನಡಾದಲ್ಲೂ ಪತ್ತೆಯಾಯಿತು. ಶಿಲೀಂಧ್ರವೊಂದು ನೀರ್ಕೊಳವೆಗಳಲ್ಲಿ ಸೇರಿ ನೀರು ತಡೆಯುತ್ತದೆ. ಕೆಂಪು ಗುಂಪಿನ ಮರ ಕೆಲವೇ ವಾರಗಳಲ್ಲಿ ಸಾಯಬಹುದು. ಬಿಳಿ ಗುಂಪಿನದು ವರ್ಷಗಟ್ಟಲೆ ಹೋರಾಡುತ್ತದೆ. ಅಕ್ಕಪಕ್ಕದ ಓಕ್‌ಗಳ ಬೇರುಗಳು ನೆಲದೊಳಗೆ ಒಂದಕ್ಕೊಂದು ಬೆಸೆದುಕೊಂಡಿರುತ್ತವೆ, ರೋಗ ಆ ದಾರಿಯಲ್ಲೂ ದಾಟುತ್ತದೆ. ಇನ್ನೊಂದು ದಾರಿ ಹಸಿ ಗಾಯದ ರಸಕ್ಕೆ ಬರುವ ಸಣ್ಣ ಜೀರುಂಡೆ.

ಅದಕ್ಕೇ ಕೊಂಬೆ ಸವರುವುದು ಚಳಿಗಾಲದ ನಡುವೆ ಮಾತ್ರ. ವಸಂತ ಮತ್ತು ಬೇಸಿಗೆಯ ಶುರುವಿನಲ್ಲಿ ಕತ್ತರಿ ಮುಟ್ಟಬೇಡಿ. ಗಾಳಿಗೆ ಕೊಂಬೆ ಮುರಿದರೆ, ಈ ರೋಗ ಇರುವ ಪ್ರದೇಶದಲ್ಲಿ ಗಾಯಕ್ಕೆ ಕೂಡಲೇ ಬಣ್ಣ ಬಳಿಯಿರಿ. ಬೇರೆ ಕಡೆ ಬಣ್ಣ ಬೇಕಿಲ್ಲ, ಮರ ತಾನೇ ಗಾಯ ಮುಚ್ಚಿಕೊಳ್ಳುತ್ತದೆ.

ಹಳೆಯ ಓಕ್ ಪಕ್ಕದಲ್ಲಿ ಕಟ್ಟಡದ ಕೆಲಸ ಶುರುವಾಗಲಿದೆ. ಏನು ಮಾಡಲಿ?

ಇವತ್ತೇ ಬೇಲಿ ಹಾಕಿ. ಓಕ್‌ನ ತಾಯಿ ಬೇರು ಪಾತಾಳಕ್ಕೆ ಹೋಗಿರುತ್ತದೆ, ಮೇಲೆ ಏನು ಮಾಡಿದರೂ ನಡೆಯುತ್ತದೆ ಎಂಬ ನಂಬಿಕೆ ಇದೆ. ಸಸಿಯಲ್ಲಿ ಅದು ನಿಜ, ದೊಡ್ಡ ಮರದಲ್ಲಿ ಅಲ್ಲ. ಬೆಳೆದ ಓಕ್‌ನ ಹೆಚ್ಚಿನ ಬೇರು ಮೇಲಿನ ಅರ್ಧ ಮೀಟರ್ ಮಣ್ಣಿನಲ್ಲೇ ಇರುತ್ತದೆ, ಕೊಂಬೆಯ ನೆರಳು ದಾಟಿ ಎಷ್ಟೋ ದೂರ ಹರಡಿರುತ್ತದೆ. ಲಾರಿ ಓಡಾಡಿ ಮಣ್ಣು ಬಿಗಿದರೆ, ಬುಡಕ್ಕೆ ಒಂದಡಿ ಮಣ್ಣು ಏರಿಸಿದರೆ, ಬೇರಿಗೆ ಉಸಿರು ಕಟ್ಟುತ್ತದೆ. ಮರ ಒಣಗುವುದು ಐದು ವರ್ಷ ಆದ ಮೇಲೆ. ಅಷ್ಟರಲ್ಲಿ ಕೆಲಸ ಮಾಡಿದವರೂ ಇರುವುದಿಲ್ಲ, ಕಾರಣವೂ ಮರೆತಿರುತ್ತದೆ. ಬೇಲಿ ಕೊಂಬೆಯ ತುದಿಯ ನೇರಕ್ಕಾದರೂ ಇರಲಿ, ಆಗುವುದಾದರೆ ಅದರಾಚೆಗೆ.

ಎಷ್ಟು ವರ್ಷಕ್ಕೆ ಕಾಯಿ ಬಿಡುತ್ತದೆ?

ಬಿಳಿ ಓಕ್ ಸುಮಾರು 20 ವರ್ಷ ತೆಗೆದುಕೊಳ್ಳುತ್ತದೆ. ಬಿಡಲು ಶುರುವಾದ ಮೇಲೂ ವರ್ಷ ವರ್ಷ ಒಂದೇ ಸಮ ಇಲ್ಲ. ಎರಡರಿಂದ ಐದು ವರ್ಷಕ್ಕೊಮ್ಮೆ ನೆಲ ಕಾಣದಷ್ಟು ಕಾಯಿ ಸುರಿಯುತ್ತದೆ, ನಡುವಿನ ವರ್ಷಗಳಲ್ಲಿ ಹುಡುಕಬೇಕು. ಕಾಯಿ ಕಡಿಮೆ ಬಿಟ್ಟ ವರ್ಷ ಮರಕ್ಕೆ ಕಾಯಿಲೆ ಎಂದುಕೊಳ್ಳಬೇಡಿ.

ಬಿದ್ದ ಕಾಯಿಯನ್ನು ಸಾಕುಪ್ರಾಣಿ ತಿಂದರೆ?

ಎಲೆ ಮತ್ತು ಕಾಯಿ ಎರಡರಲ್ಲೂ ಟ್ಯಾನಿನ್ ಎಂಬ ಒಗರು ಪದಾರ್ಥ ಇದೆ. ಹಸಿರು ಕಾಯಿಯಲ್ಲಿ, ಎಳೆ ಚಿಗುರಿನಲ್ಲಿ ಜಾಸ್ತಿ. ಕುದುರೆ, ದನ ಹೆಚ್ಚು ತಿಂದರೆ ಹೊಟ್ಟೆಗೂ ಮೂತ್ರಪಿಂಡಕ್ಕೂ ಪೆಟ್ಟು. ನಾಯಿ ಒಂದೆರಡು ಕಚ್ಚಿದರೆ ಹೊಟ್ಟೆ ಕೆಡಬಹುದು. ಜಾಸ್ತಿ ನುಂಗಿದ್ದರೆ ಕಾಯದೆ ಪಶುವೈದ್ಯರಿಗೆ ತೋರಿಸಿ. ಕಾಯಿ ಸುರಿಯುವ ವಾರಗಳಲ್ಲಿ ದನ, ಕುದುರೆಯನ್ನು ಬೇರೆ ಕಡೆ ಕಟ್ಟಿ. ಅಂಗಳವನ್ನು ದಿನಕ್ಕೊಮ್ಮೆ ಗುಡಿಸಿ, ಹಕ್ಕಿಗೆ ಅಂತ ಬೇಲಿಯಾಚೆ ಒಂದು ರಾಶಿ ಹಾಕಿಡಿ. ಜೇ ಹಕ್ಕಿ ಇರುವ ಊರಾದರೆ ಅದು ಒಂದೊಂದಾಗಿ ಹೊತ್ತೊಯ್ದು ದೂರದ ಮಣ್ಣಿನಲ್ಲಿ ಹೂತಿಡುತ್ತದೆ. ಮರೆತದ್ದು ಮುಂದಿನ ವಸಂತದಲ್ಲಿ ಮೊಳೆಯುತ್ತದೆ.